ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಫೋನು ಮತ್ತು ಬೋರ್ಡ್ ಮೇಲಿನ ಕಿಲುಬು

ಆಷಾಢದ ಒಂದು ಬೆಳಗ್ಗೆ ಅಪ್ಪನ ನಂಬರಿಂದ ಕಾಲ್ ಬಂತು, ಎತ್ತಿದ್ರೆ ಆ ಕಡೆ ಅಮ್ಮ. "ಮಗಾ, ನನ್ನ ಮೊಬೈಲ್ ಬಚ್ಚಲ ತೊಟ್ಟಿಗೆ ಬಿದ್ದೋಯ್ತು ಕಣೋ, ಎಂತ ಮಾಡದು ಈಗ?" ಅಂದ್ಲು. ನಾನು ಬಾಯಿ ಬಿಡೋಕೆ ಮುಂಚೆನೇ ಅವಳೇ ಮುಂದುವರ್ಸಿ, ಮೂರ್ನಾಲ್ಕು ಸಲ ಆನ್ ಮಾಡಿ ನೋಡಿದೆ, ಒಂದ್ಸಲ ಬಂತು, ಆಮೇಲೆ ಹೋಯ್ತು, ಚಾರ್ಜಿಗೆ ಹಾಕಿದೆ ಏನೂ ಆಗ್ಲಿಲ್ಲ, ಪಕ್ಕದ್ಮನೆ ಹುಡುಗಿ ಹೇಳಿದ್ಲು ಅಂತ ಈಗ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದೀನಿ, ಸಾಕಾ ಇನ್ನೊಂಚೂರು ಅಕ್ಕಿ ಹಾಕ್ಬೇಕಾ ಅಂತ ಕೇಳಿದ್ಲು. ಅಂದ್ರೆ ನೀರಿಗೆ ಬಿದ್ದ ಫೋನಿಗೆ ಏನೇನು ಮಾಡ್ಬಾರ್ದೋ ಅಷ್ಟನ್ನೂ ಕಾಲು ಗಂಟೆಯೊಳಗೆ ಮುಗಿಸಿಬಿಟ್ಟಿದ್ಲು ಪಾಪ.

ತಮಾಷೆ ಏನಂದ್ರೆ ಎರಡು ದಿನ ಬಿಟ್ಟು ಆ ಫೋನ್ ಆನ್ ಆಯ್ತು. ಅಕ್ಕಿಗೆ ಊರೆಲ್ಲ ಜೈಕಾರ. ಆ ಡಬ್ಬದ ಅಕ್ಕಿಯಲ್ಲೇ ಅನ್ನನೂ ಆಯ್ತು. ಮೂರು ವಾರ ಚೆನ್ನಾಗೇ ಇತ್ತು, ಆಮೇಲೆ "ನಿನ್ ಮಾತು ಕೇಳತ್ತೆ, ನಾನ್ ಹೇಳೋದು ನಿಂಗೆ ಕೇಳ್ತಿಲ್ವಂತಲ್ಲ" ಅಂತ ಶುರುವಾಯ್ತು, ಅಂದ್ರೆ ಮೈಕ್ ಹೋಯ್ತು. ಆಮೇಲೆ ಚಾರ್ಜರ್ ವೈರನ್ನ ಒಂದು ಆಂಗಲ್‌ನಲ್ಲಿ ಬಗ್ಗಿಸಿ ಹಿಡ್ಕೊಂಡ್ರೆ ಮಾತ್ರ ಚಾರ್ಜ್ ಆಗೋದು. ಕೊನೆಗೊಂದಿನ ಪೂರ್ತಿ ಡೆಡ್. ನಂಗೆ ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ಇಟ್ಕೊಂಡಿರೋ ಫ್ರೆಂಡ್ ಒಬ್ಬ ಇದಾನೆ, ಊರಿಗೆ ಹೋದಾಗ ಅವನ ಹತ್ರ ತಗೊಂಡು ಹೋಗಿ ಅವನು ಬಿಚ್ಚೋದನ್ನ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ನೋಡಿದೆ. ಫೋನಿಗೆ ನೀರು ಬೀಳೋದು ಅಂದ್ರೆ ಏನು ಅಂತ ನಂಗೆ ನಿಜವಾಗ್ಲೂ ಅರ್ಥ ಆಗಿದ್ದು ಆ ದಿನ, ಅದನ್ನೇ ಇಲ್ಲಿ ಬರೀತಿದೀನಿ.

ಅವನು ಮೊದಲು ಮಾಡಿದ್ದು ಟಾರ್ಚ್ ಬಿಟ್ಟು ಚಾರ್ಜಿಂಗ್ ಪೋರ್ಟ್ ಒಳಗೆ ನೋಡಿದ್ದು. ಒಳಗೆ ಒಂದು ನುಚ್ಚಕ್ಕಿ. ನೀರು ಕುಡ್ಕೊಂಡು ಉಬ್ಬಿ, ಆಮೇಲೆ ಒಣಗಿ, ಪಿನ್ನುಗಳ ಮಧ್ಯೆ ಗಟ್ಟಿಯಾಗಿ ಕೂತಿತ್ತು. ಸೂಜಿಯಲ್ಲಿ ಕೆದಕಿ ತೆಗ್ದು ಬಿಳಿ ಮ್ಯಾಟ್ ಮೇಲಿಟ್ಟು, "ಅಮ್ಮನ ಔಷಧಿ" ಅಂತ ನಕ್ಕ.

ಆಮೇಲೆ ಹಿಂದಿನ ಕವರ್ ಬಿಸಿ ಮಾಡಿ ಎಬ್ಬಿಸಿ, ಸ್ಕ್ರೂ ಎಲ್ಲ ತೆಗ್ದು, ಕೆಳಗಿನ ಚಿಕ್ಕ ಬೋರ್ಡ್ ಎತ್ತಿ ಮೈಕ್ರೋಸ್ಕೋಪ್ ಕೆಳಗಿಟ್ಟ. ಚಾರ್ಜಿಂಗ್ ಪಿನ್ನಿನ ಬುಡದಲ್ಲಿ, ಮೈಕ್ ಸುತ್ತ, ಬ್ಯಾಟರಿ ಕನೆಕ್ಟರ್ ಹತ್ರ ಹಸಿರು ಹಸಿರಾಗಿ ಬೂಸ್ಟು ಕಟ್ಟಿದಂಗೆ ಇತ್ತು. ನೋಡಿದ ತಕ್ಷಣ ನಂಗೆ ನೆನಪಾಗಿದ್ದು ದೇವರ ಮನೆ ತಾಮ್ರದ ಚೊಂಬು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ತೀವಲ್ಲ ಆ ಕಿಲುಬು, ಅದೇ ಇದು, ಬೇರೆ ಏನೂ ಅಲ್ಲ. ಚೊಂಬಿಗೆ ಕಿಲುಬು ಹಿಡಿಯೋಕೆ ತಿಂಗಳುಗಟ್ಟಲೆ ಬೇಕು, ಆನ್ ಇರೋ ಫೋನಿನೊಳಗೆ ಅದೇ ಕೆಲಸ ಶುರುವಾಗೋಕೆ ಕೆಲವು ನಿಮಿಷ ಸಾಕು. ಯಾಕೆ ಅನ್ನೋದೇ ಇಡೀ ವಿಷ್ಯ.

ಶುದ್ಧ ನೀರು ಕರೆಂಟನ್ನ ಸರಿಯಾಗಿ ಹರಿಸೋದೇ ಇಲ್ಲ. ಆದ್ರೆ ನಮ್ಮ ಮನೆಗಳಲ್ಲಿ ಶುದ್ಧ ನೀರು ಅನ್ನೋದು ಎಲ್ಲಿದೆ? ನಲ್ಲಿ ನೀರು, ಬಾವಿ ನೀರು, ಬೋರ್ ನೀರು ಎಲ್ಲದ್ರಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಲವಣಗಳು ಕರಗಿರತ್ತೆ, ಕರೆಂಟು ಹರಿಯೋದು ಅವುಗಳಿಂದ. ಫೋನಿನ ಬ್ಯಾಟರಿ ಫುಲ್ ಇದ್ದಾಗ ಸುಮಾರು 4.2ರಿಂದ 4.4 ವೋಲ್ಟ್ ಇರತ್ತೆ, ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ನೀರನ್ನ ಒಡ್ದು ಹೈಡ್ರೋಜನ್ನು ಆಕ್ಸಿಜನ್ನು ಮಾಡೋಕೆ ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಹಾಗಾಗಿ ಬೋರ್ಡ್ ಮೇಲೆ ಎರಡು ಪಿನ್ನುಗಳ ಮಧ್ಯೆ ಒಂದು ಹನಿ ನೀರು ಕೂತು, ಒಂದು ಪಿನ್ನಲ್ಲಿ ಪ್ಲಸ್ಸು ಇನ್ನೊಂದ್ರಲ್ಲಿ ಮೈನಸ್ಸು ಇದ್ರೆ, ಆ ಹನಿ ಒಂದು ಪುಟಾಣಿ ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆ ಆಗ್ಬಿಡತ್ತೆ. ಪ್ಲಸ್ ಕಡೆಯ ಲೋಹ ಕರಗತ್ತೆ, ನೀರಿನಲ್ಲಿ ಈಜ್ಕೊಂಡು ಮೈನಸ್ ಕಡೆ ಹೋಗಿ ಕೂರತ್ತೆ. ಕೂತಲ್ಲಿಂದ ಮರದ ಬೇರು ಬಿಟ್ಟಂಗೆ ಸಣ್ಣ ಎಳೆಗಳು ವಾಪಸ್ ಪ್ಲಸ್ ಕಡೆಗೆ ಬೆಳೆಯುತ್ತೆ, ಎರಡೂ ಮುಟ್ಟಿದ್ವು ಅಂದ್ರೆ ಅಲ್ಲೇ ಶಾರ್ಟು. ಈ ಕಡೆ ಲೋಹ ಕರಗಿ ಕರಗಿ ಪಿನ್ನೇ ಮಾಯ ಆಗ್ತಾ ಬರತ್ತೆ.

ಎಲ್‌ಸಿಡಿ ಡಿಸ್‌ಪ್ಲೇ ಇರೋ ಫೋನುಗಳಲ್ಲಿ ಇನ್ನೊಂದು ಕಥೆ ಇದೆ. ಡಿಸ್‌ಪ್ಲೇ ಹಿಂದಿನ ಬೆಳಕು ಉರಿಯೋಕೆ ಆ ಲೈನಿಗೆ ಬ್ಯಾಟರಿಗಿಂತ ಎಷ್ಟೋ ಪಟ್ಟು ಜಾಸ್ತಿ ವೋಲ್ಟೇಜ್ ಏರಿಸಿ ಕೊಡ್ತಾರೆ, 20 ವೋಲ್ಟ್ ಆಸುಪಾಸು ಹೋಗತ್ತೆ, ಅದಕ್ಕೇ ನೀರಿಗೆ ಬಿದ್ದ ಫೋನಲ್ಲಿ "ಸೌಂಡ್ ಬರತ್ತೆ, ಆದ್ರೆ ಸ್ಕ್ರೀನ್ ಕಪ್ಪು" ಅನ್ನೋ ಕಂಪ್ಲೇಂಟ್ ಅಷ್ಟೊಂದು ಕಾಮನ್. ವೋಲ್ಟೇಜ್ ಜಾಸ್ತಿ ಇದ್ದಷ್ಟೂ ತಿನ್ನೋದು ಜೋರು.

ಈಗ ಅಮ್ಮ ಆನ್ ಮಾಡಿ ಮಾಡಿ ನೋಡಿದ್ದು ಯಾಕೆ ತಪ್ಪು ಅಂತ ಗೊತ್ತಾಗತ್ತೆ. ನೀರೊಂದೇ ಫೋನನ್ನ ಅಷ್ಟು ಬೇಗ ಸಾಯಿಸಲ್ಲ. ನೀರು, ಅದ್ರೊಳಗಿನ ಉಪ್ಪು, ಕರೆಂಟು ಮೂರೂ ಸೇರ್ಬೇಕು. ನೀರು ಒಳಗೆ ಹೋಗಿಬಿಟ್ಟಿದೆ, ಉಪ್ಪು ಅದ್ರಲ್ಲೇ ಇದೆ, ನಮ್ಮ ಕೈಯಲ್ಲಿ ತಕ್ಷಣ ನಿಲ್ಸೋಕೆ ಆಗೋದು ಕರೆಂಟ್ ಒಂದೇ.

ಅಕ್ಕಿ ಇದ್ರಲ್ಲಿ ಯಾವ್ದನ್ನ ನಿಲ್ಸತ್ತೆ ಹೇಳಿ? ಕರೆಂಟ್ ನಿಲ್ಸಲ್ಲ, ಉಪ್ಪು ತೆಗಿಯಲ್ಲ. ನೀರನ್ನಾದ್ರೂ ಎಳ್ಕೊಳತ್ತಾ ಅಂದ್ರೆ ಅದೂ ಅಷ್ಟಕ್ಕಷ್ಟೇ. ಡಬ್ಬದಲ್ಲಿರೋ ಅಕ್ಕಿಯಲ್ಲೇ ನೂರಕ್ಕೆ 12–14 ಭಾಗ ತೇವ ಇರತ್ತೆ, ಮಳೆಗಾಲದಲ್ಲಿ ಮಲೆನಾಡಿನ ಅಡುಗೆಮನೆ ಅಕ್ಕಿಯಂತೂ ಮುಟ್ಟಿದ್ರೇನೇ ತಣ್ಣಗಿರತ್ತೆ. ಅಕ್ಕಿಗೆ ಬಾಯಾರಿಕೆ ಏನೂ ಇಲ್ಲ, ಫೋನಿನ ಸಂದಿಯೊಳಗೆ ಕೈ ಹಾಕಿ ನೀರು ಹೀರೋಕೆ. ಒಳಗಿನ ನೀರು ಆವಿಯಾಗಿ ತಾನಾಗೇ ಹೊರಗೆ ಬರ್ಬೇಕು, ಹೊರಗೆ ಬಂದ ತೇವವನ್ನ ಗಾಳಿ ಹೊತ್ಕೊಂಡು ಹೋಗ್ಬೇಕು, ಬಟ್ಟೆ ಒಣಗೋದೂ ಹಿಂಗೇ ತಾನೇ. ಒದ್ದೆ ಬಟ್ಟೆನ ಯಾರಾದ್ರೂ ಅಕ್ಕಿ ಮೂಟೆಯಲ್ಲಿ ತುಂಬ್ತಾರಾ? ಮುಚ್ಚಿದ ಡಬ್ಬದಲ್ಲಿ ಗಾಳಿ ಆಡೋದೇ ಇಲ್ಲ, ಟೇಬಲ್ ಮೇಲೆ ಫ್ಯಾನ್ ಕೆಳಗೆ ಇಟ್ಟಿದ್ರೆ ಇದಕ್ಕಿಂತ ಬೇಗ ಒಣಗಿರೋದು. ಅದ್ರ ಮೇಲೆ ಅಕ್ಕಿ ಹಿಟ್ಟು, ಧೂಳು, ನುಚ್ಚು ಎಲ್ಲ ಪೋರ್ಟು, ಸ್ಪೀಕರ್ ಜಾಲರಿ ಒಳಗೆ ಹೋಗಿ ಗಂಜಿ ಆಗತ್ತೆ. 2024ರ ಜನವರಿಯಲ್ಲಿ ಆಪಲ್ ತನ್ನ ಸಪೋರ್ಟ್ ಪೇಜಲ್ಲೇ ಅಕ್ಕಿ ಚೀಲದಲ್ಲಿ ಐಫೋನ್ ಇಡ್ಬೇಡಿ, ಅಕ್ಕಿಯ ಸಣ್ಣ ಕಣಗಳಿಂದ ಫೋನ್ ಹಾಳಾಗ್ಬೋದು ಅಂತ ಹಾಕಿದಾಗ ಅದೇ ಎಲ್ಲಾ ಕಡೆ ನ್ಯೂಸ್ ಆಗಿತ್ತು.

ಹಂಗಾದ್ರೆ ಅಕ್ಕಿಯಿಂದ ಇಷ್ಟೊಂದು ಜನರ ಫೋನ್ ಹೇಗೆ ಸರಿಹೋಯ್ತು ಅಂತ ಕೇಳ್ಬೋದು. ಸರಿಹೋಗಿದ್ದು ಅಕ್ಕಿಯಿಂದಲ್ಲ, ಎರಡು ದಿನ ಸುಮ್ನೆ ಬಿಟ್ಟಿದ್ರಿಂದ. ಡಬ್ಬದಲ್ಲಿ ಹೂತಿಟ್ರೆ ಆನ್ ಮಾಡಿ ನೋಡೋಕೆ, ಚಾರ್ಜಿಗೆ ಹಾಕೋಕೆ ಆಗಲ್ಲ ನೋಡಿ, ಅಕ್ಕಿ ಮಾಡಿದ ಒಂದೇ ಒಂದು ಉಪಕಾರ ಅದು.

ಸರಿ, ಫೋನ್ ನೀರಿಗೆ ಬಿತ್ತು, ಈಗ ಏನ್ಮಾಡ್ಬೇಕು. ಮೊದಲ್ನೇದು ಎತ್ತಿ ಸ್ವಿಚ್ ಆಫ್ ಮಾಡೋದು. ಆನ್ ಇದೆಯಾ, ಕೆಲ್ಸ ಮಾಡ್ತಿದೆಯಾ, ವಾಟ್ಸಾಪ್ ಬರ್ತಿದೆಯಾ ಅಂತ ಚೆಕ್ ಮಾಡ್ತಾ ಕೂರೋ ಹಾಗಿಲ್ಲ, ಚೆನ್ನಾಗಿ ಕೆಲ್ಸ ಮಾಡ್ತಿದ್ರೂ ಆಫ್ ಮಾಡ್ಬೇಕು (ವಾಟರ್‌ಪ್ರೂಫ್ ಅಂತ ತಗೊಂಡಿರೋ ಫೋನಿನ ವಿಷ್ಯ ಆಮೇಲೆ ಹೇಳ್ತೀನಿ). ಈಗಿನ ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ಪವರ್ ಬಟನ್ ಒತ್ತಿ ಹಿಡಿದ್ರೆ ಅಸಿಸ್ಟೆಂಟ್ ಬರತ್ತೆ, ಆಫ್ ಆಗಲ್ಲ, ಗಾಬರೀಲಿ ಅದೇ ಅರ್ಧ ನಿಮಿಷ ತಿನ್ನತ್ತೆ, ಅಂಥದ್ರಲ್ಲಿ ಪವರ್ ಜೊತೆ ವಾಲ್ಯೂಮ್ ಬಟನ್ನೂ ಒಟ್ಟಿಗೆ ಒತ್ತಿದ್ರೆ ಆಫ್ ಮಾಡೋ ಮೆನು ಬರತ್ತೆ. ನಿಮ್ಮ ಫೋನಲ್ಲಿ ಯಾವ್ದು ಅಂತ ಇವತ್ತೇ ಒಂದ್ಸಲ ನೋಡಿಟ್ಕೊಳ್ಳಿ. ಬಟನ್ನುಗಳನ್ನ ತುಂಬಾ ಹೊತ್ತು ಒತ್ತಿ ಹಿಡಿದ್ರೆ ಸುಮಾರು ಫೋನುಗಳು ಆಫ್ ಆಗಲ್ಲ, ರೀಸ್ಟಾರ್ಟ್ ಆಗ್ತವೆ, ಅದು ನಮಗೆ ಬೇಡದ್ದು.

ಫೋನ್ ತಾನಾಗೇ ಆಫ್ ಆಗಿಹೋಗಿದ್ರೆ ಪುಣ್ಯ ಅಂದ್ಕೊಂಡು ಹಾಗೇ ಬಿಡಿ. ಇದು ಹೇಳಿದಷ್ಟು ಸುಲಭ ಅಲ್ಲ ಅಂತ ಗೊತ್ತು, ಬೆರಳು ತಾನಾಗೇ ಪವರ್ ಬಟನ್ ಕಡೆ ಹೋಗತ್ತೆ, ಮನಸ್ಸು ತಡೆಯಲ್ಲ. ಚಾರ್ಜರ್ ಅಂತೂ ಹತ್ರನೂ ತರ್ಬೇಡಿ. ಚಾರ್ಜಲ್ಲಿ ಇದ್ದಾಗ್ಲೇ ಒದ್ದೆ ಆಗಿದ್ರೆ ಫೋನ್ ಮುಟ್ಟೋಕೆ ಮುಂಚೆ ಗೋಡೆ ಸ್ವಿಚ್ ಆಫ್ ಮಾಡಿ.

ಆಮೇಲೆ ಕವರ್ ತೆಗೀರಿ, ಹತ್ತಿ ಬಟ್ಟೆಯಲ್ಲಿ, ಹಳೇ ಪಂಚೆ ತುಂಡು ಇದ್ರೆ ಇನ್ನೂ ಒಳ್ಳೇದು, ಹೊರಗಿನ ನೀರೆಲ್ಲ ಒರೆಸಿ, ಒರೆಸಿದ ಮೇಲೆ ಸಿಮ್ ಟ್ರೇ ತೆಗೀರಿ. ಒರೆಸೋಕೆ ಮುಂಚೆ ಟ್ರೇ ಎಳೆದ್ರೆ ಅಂಚಲ್ಲಿ ನಿಂತಿರೋ ನೀರು ಒಳಗೆ ಇಳಿಯತ್ತೆ. ಸಿಮ್ಮು, ಮೆಮೊರಿ ಕಾರ್ಡು ಎರಡನ್ನೂ ಒರೆಸಿ ಇಟ್ಕೊಳ್ಳಿ, ಸಿಮ್ ಬೇರೆ ಯಾವ್ದಾದ್ರೂ ಫೋನಿಗೆ ಹಾಕಿ, ಯಾಕಂದ್ರೆ ಮುಂದಿನ ಎರಡು ದಿನ ಬ್ಯಾಂಕ್ ಓಟಿಪಿ, ಗ್ಯಾಸ್ ಓಟಿಪಿ ಎಲ್ಲ ಅದಕ್ಕೇ ಬರೋದು. ಓಟಿಪಿಗೋಸ್ಕರ ಒದ್ದೆ ಫೋನ್ ಆನ್ ಮಾಡಿ ಕೆಡಿಸ್ಕೊಂಡೋರನ್ನ ನಾನು ನೋಡಿದೀನಿ.

ಪೋರ್ಟ್ ಕೆಳಗೆ ಮಾಡಿ ಹಿಡ್ಕೊಂಡು ಅಂಗೈಗೆ ಮೆಲ್ಲಗೆ ತಟ್ಟಿದ್ರೆ ನಾಲ್ಕು ಹನಿ ಬೀಳತ್ತೆ. ಜೋರಾಗಿ ಒದರ್ಬೇಡಿ, ಒಂದು ಕಡೆ ನಿಂತಿರೋ ನೀರು ಬೋರ್ಡಿಗೆಲ್ಲ ಹರಡತ್ತೆ. ಬಾಯಲ್ಲಿ ಊದೋದು, ಇಯರ್ ಬಡ್ ತೂರಿಸೋದು, ಟಿಶ್ಯೂ ಸುರುಳಿ ಮಾಡಿ ಪೋರ್ಟಿಗೆ ಹಾಕೋದು ಯಾವ್ದೂ ಬೇಡ.

ಒಣಗಿಸೋದಕ್ಕೆ ಬೇಕಾಗಿರೋದು ಗಾಳಿ, ಬಿಸಿ ಅಲ್ಲ. ಹೇರ್ ಡ್ರೈಯರ್ ಹಿಡಿದ್ರೆ ಡಿಸ್‌ಪ್ಲೇ ಅಂಟು ಸಡಿಲ ಆಗತ್ತೆ, ಲಿಥಿಯಂ ಬ್ಯಾಟರಿಗೆ 60 ಡಿಗ್ರಿ ದಾಟೋದು ಒಳ್ಳೇದಲ್ಲ, ಜೊತೆಗೆ ಆ ಗಾಳಿಯ ರಭಸಕ್ಕೆ ನೀರು ಇನ್ನೂ ಒಳಗೆ ಹೋಗತ್ತೆ. ತಾರಸಿ ಮೇಲೆ ಬಿಸಿಲಲ್ಲಿ ಹಪ್ಪಳದ ಪಕ್ಕ ಇಡೋದೂ ಅಷ್ಟೇ, ಕಪ್ಪು ಫೋನು ಬಿಸಿಲಿಗೆ ಎಷ್ಟು ಕಾಯತ್ತೆ ಅಂತ ಕಾರ್ ಡ್ಯಾಶ್‌ಬೋರ್ಡ್ ಮೇಲೆ ಮರೆತು ಬಿಟ್ಟೋರಿಗೆ ಗೊತ್ತಿರತ್ತೆ. ನೆರಳಲ್ಲಿ, ಟೇಬಲ್ ಫ್ಯಾನ್ ಮುಂದೆ, ಪೋರ್ಟ್ ಗಾಳಿ ಕಡೆಗೆ ಬರೋ ಹಾಗೆ ಸ್ವಲ್ಪ ವಾಲಿಸಿ ನಿಲ್ಸಿ. ಪೋರ್ಟ್ ಮಾತ್ರ ಒದ್ದೆ ಆಗಿದ್ರೆ ಕೆಲವು ಗಂಟೆ ಸಾಕಾಗ್ಬೋದು, ಮುಳುಗಿದ್ದ ಫೋನಿಗೆ ಒಂದೆರಡು ದಿನನಾದ್ರೂ ಬಿಡಿ.

ಇಲ್ಲೊಂದು ಸಮಸ್ಯೆ ಇದೆ. ಇಂಗ್ಲಿಷ್ ವೆಬ್‌ಸೈಟುಗಳಲ್ಲಿ "ಗಾಳಿ ಆಡೋ ಒಣ ಜಾಗದಲ್ಲಿಡಿ" ಅಂತ ಆರಾಮಾಗಿ ಬರ್ದಿರ್ತಾರೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಲೋ ಕುಂದಾಪುರದಲ್ಲೋ ಒಣ ಜಾಗ ಎಲ್ಲಿಂದ ತರೋದು ಸ್ವಾಮಿ, ಅಲ್ಲಿ ನಾಲ್ಕು ದಿನವಾದ್ರೂ ಬನಿಯನ್ನೇ ಒಣಗಲ್ಲ, ಉಪ್ಪಿನ ಡಬ್ಬ ಮುಚ್ಚಿಟ್ಟಿದ್ರೂ ನೀರು ಬಿಡತ್ತೆ. ಗಾಳಿನೇ ತೇವ ತುಂಬ್ಕೊಂಡು ಕೂತಿದ್ರೆ ಫೋನಿನ ನೀರು ಎಲ್ಲಿಗೆ ಹೋಗ್ಬೇಕು? ಅಂಥ ಕಡೆ ಎಸಿ ಇರೋ ರೂಮು ಕೆಲ್ಸಕ್ಕೆ ಬರತ್ತೆ, ಎಸಿ ತಂಪು ಮಾಡೋದ್ರ ಜೊತೆ ಗಾಳಿಯ ತೇವನೂ ತೆಗ್ದು ಪೈಪಲ್ಲಿ ಹೊರಗೆ ಹಾಕತ್ತೆ. ಎಸಿ ಇಲ್ಲಾಂದ್ರೆ ಸಿಲಿಕಾ ಜೆಲ್, ಅದೇ ಹೊಸ ಶೂ ಡಬ್ಬದಲ್ಲಿ, ಬ್ಯಾಗಲ್ಲಿ ಬರೋ ಪುಟ್ಟ ಪೊಟ್ಟಣಗಳು, ಇವು ಅಕ್ಕಿಗಿಂತ ಎಷ್ಟೋ ವಾಸಿ. ಆದ್ರೆ ಎರಡು ಪೊಟ್ಟಣ ಹಾಕಿ ಏನೂ ಪ್ರಯೋಜನ ಇಲ್ಲ, ದೊಡ್ಡ ಮುಷ್ಟಿ ತುಂಬಾ ಬೇಕು, ಗಾಳಿಯಾಡದ ಡಬ್ಬನೂ ಬೇಕು, ಮತ್ತೆ ವರ್ಷಗಟ್ಟಲೆ ಡ್ರಾಯರಲ್ಲಿ ಬಿದ್ದಿದ್ದ ಪೊಟ್ಟಣ ಆಗ್ಲೇ ಹೊಟ್ಟೆ ತುಂಬಾ ನೀರು ಕುಡ್ದಿರತ್ತೆ.

ಆದ್ರೆ ಇಷ್ಟೆಲ್ಲ ಮಾಡಿ ಒಣಗ್ಸಿದ್ರೂ ನಮ್ಮ ಅಮ್ಮನ ಫೋನ್ ಕಥೆನೇ ಆಗ್ಬೋದು, ನಂಗೆ ಇದ್ರಲ್ಲಿ ಹೆಚ್ಚಾಗಿ ಹೇಳ್ಬೇಕಾಗಿರೋದು ಇದೇ. ಒಣಗೋದು ಬೇರೆ, ಉಳಿಯೋದು ಬೇರೆ. ಬೋರ್‌ವೆಲ್ ನೀರಲ್ಲಿ ತೊಳ್ದ ಸ್ಟೀಲ್ ಲೋಟ ಒರೆಸದೇ ಬಿಟ್ರೆ ಬಿಳಿ ಚುಕ್ಕೆ ಕಟ್ಟತ್ತಲ್ವಾ? ನೀರು ಹೋಯ್ತು, ನೀರಲ್ಲಿದ್ದದ್ದು ಉಳೀತು. ಫೋನಿನ ಬೋರ್ಡ್ ಮೇಲೂ ಅದೇ ಚುಕ್ಕೆ ಕಟ್ಟಿರತ್ತೆ, ನಮಗೆ ಕಾಣಲ್ಲ ಅಷ್ಟೇ. ಆ ಲವಣ ಗಾಳಿಯಲ್ಲಿನ ತೇವ ಎಳ್ಕೊಳತ್ತೆ, ಮಳೆಗಾಲದಲ್ಲಿ ಉಪ್ಪು ನೀರು ಬಿಟ್ಟಂಗೆ. ತೇವ ಬಂತು, ಕರೆಂಟು ಇದ್ದೇ ಇದೆ, ಕಿಲುಬು ಮತ್ತೆ ಶುರು. ಅದಕ್ಕೇ ಎರಡನೇ ದಿನ ಆನ್ ಆದ ಫೋನು ಮೂರನೇ ವಾರ ಸಾಯೋದು. ಜನ ಏನಂದ್ಕೊಳ್ತಾರೆ ಅಂದ್ರೆ ನೀರಿನ ಗಂಡಾಂತರ ಕಳೀತು, ಇದು ಬೇರೆ ಏನೋ ಹೊಸ ಪ್ರಾಬ್ಲಮ್ ಅಂತ.

ಇನ್ನೊಂದು, ಆಫ್ ಮಾಡಿದ ಫೋನು ನಿಜವಾಗ್ಲೂ ಪೂರ್ತಿ ಆಫ್ ಆಗಿರಲ್ಲ. ಹಳೇ ನೋಕಿಯಾ ಕಾಲದಲ್ಲಿ ಬೆನ್ನು ಬಿಚ್ಚಿ ಬ್ಯಾಟರಿ ಕಿತ್ತು ಬಿಸಾಕಿದ್ರೆ ಮುಗೀತು, ಈಗ ಬ್ಯಾಟರಿ ಒಳಗೇ ಅಂಟಿರತ್ತೆ, ಆಫ್ ಇದ್ರೂ ಗಡಿಯಾರ ನಡೀಬೇಕು, ಪವರ್ ಬಟನ್ ಯಾರು ಒತ್ತಿದ್ರು ಅಂತ ಕಾಯ್ತಾ ಇರ್ಬೇಕು, ಹಾಗಾಗಿ ಬೋರ್ಡಿನ ಒಂದಷ್ಟು ಭಾಗಕ್ಕೆ ಕರೆಂಟ್ ಯಾವಾಗ್ಲೂ ಇರತ್ತೆ. ಬ್ಯಾಟರಿ ಕನೆಕ್ಟರ್ ಹತ್ರನೇ ಜಾಸ್ತಿ ಕಿಲುಬು ಯಾಕಿರತ್ತೆ ಅಂದ್ರೆ ಇದಕ್ಕೇ. ಆದ್ರಿಂದ ಫೋನ್ ಪೂರ್ತಿ ಮುಳುಗಿದ್ರೆ, ಒಳಗೆ ನೀರು ಹೋಗಿದೆ ಅಂತ ಖಾತ್ರಿ ಇದ್ರೆ (ಕ್ಯಾಮೆರಾ ಗ್ಲಾಸಿನ ಒಳಗೆ ಮಂಜು ಕಟ್ಟಿದೆಯಾ ನೋಡಿ, ಅದು ಪಕ್ಕಾ ಗುರುತು), ಎರಡು ದಿನ ಒಣಗ್ಸಿ ನೋಡಣ ಅನ್ನೋದ್ಕಿಂತ ಅವತ್ತೇ ಬಿಚ್ಚಿ ಬ್ಯಾಟರಿ ಕನೆಕ್ಷನ್ ತೆಗೆಸಿ ತೊಳೆಸೋದು ಒಳ್ಳೇದು. ಮೊದಲ ದಿನ ಬರೀ ಕ್ಲೀನಿಂಗಲ್ಲಿ ಮುಗಿಯೋ ಕೆಲ್ಸ ವಾರ ಬಿಟ್ಟು ಹೋದ್ರೆ ಐಸಿ (ಬೋರ್ಡ್ ಮೇಲಿನ ಚಿಪ್) ಬದಲಾಯಿಸೋವರೆಗೂ ಹೋಗತ್ತೆ.

ತೊಳೆಯೋದು ಅಂದೆ, ಒದ್ದೆ ಆದ ಫೋನನ್ನ ಮತ್ತೆ ತೊಳೆಯೋದಾ ಅಂತ ಅನ್ಸತ್ತೆ. ಹೌದು, ಆದ್ರೆ ನೀರಲ್ಲಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯೋರು ಐಪಿಎ ಅಂತಾರೆ, 99% ಇರೋದು. ಇದು ನೀರಿನ ಜೊತೆ ಸಲೀಸಾಗಿ ಬೆರೆಯತ್ತೆ, ನೀರು ಹೋಗಿ ಅಡಗಿರೋ ಚಿಪ್ ಅಡಿಯ ಸಂದಿಗೂ ನುಗ್ಗತ್ತೆ, ಯಾಕಂದ್ರೆ ಇದರ ಮೇಲ್ಮೈ ಎಳೆತ (ಸರ್ಫೇಸ್ ಟೆನ್ಶನ್, ಹರಡದೇ ಹನಿಯಾಗಿ ನಿಲ್ಲೋ ಗುಣ) ನೀರಿನ ಮೂರನೇ ಒಂದು ಭಾಗದಷ್ಟೂ ಇಲ್ಲ, ಕುದಿಯೋದೂ ನೂರಲ್ಲ 82 ಡಿಗ್ರಿ ಆಸುಪಾಸಿಗೆ, ಹಾಗಾಗಿ ಬೇಗ ಆರತ್ತೆ, ತಾನು ಕಲೆ ಬಿಡಲ್ಲ. ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡಲ್ಲಿ ಸಿಗತ್ತೆ, ಆನ್‌ಲೈನಲ್ಲೂ ಇದೆ. ಮೆಡಿಕಲ್ ಸ್ಟೋರಿನ 70% ಐಪಿಎ ಬೇಡ, ಅದ್ರಲ್ಲಿ ಉಳಿದಿದ್ದೆಲ್ಲ ನೀರೇ. ಸ್ಯಾನಿಟೈಜರ್‌ನಲ್ಲಿ ಗ್ಲಿಸರಿನ್ ಗಿಸರಿನ್ ಎಲ್ಲ ಇರತ್ತೆ, ಅಂಟಂಟು ಉಳಿಯತ್ತೆ. ಹಾಗಂತ 99% ತಂದು ಇಡೀ ಫೋನನ್ನ ಅದ್ರಲ್ಲಿ ಮುಳುಗಿಸ್ಬೇಡಿ, ಡಿಸ್‌ಪ್ಲೇ ಪದರಗಳ ಒಳಗೆ ಹೋದ್ರೆ ಅದೂ ಹೋಯ್ತು, ಮತ್ತೆ ಇದು ಬೆಂಕಿ ಹತ್ತೋ ವಸ್ತು, ಗ್ಯಾಸ್ ಒಲೆ ಪಕ್ಕ ಆಟ ಅಲ್ಲ. ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಎಲ್ಲ ಬಿಚ್ಚಿ ಬರೀ ಬೋರ್ಡನ್ನ ಬ್ರಷ್‌ನಿಂದ ತಿಕ್ಕಿ ತೊಳೆಯೋದು, ಬಿಚ್ಚೋಕೆ ಬರೋರು ಮಾಡೋ ಕೆಲ್ಸ.

ನನ್ನ ಫ್ರೆಂಡ್ ಮಾಡಿದ್ದೂ ಅದೇ. ಬೋರ್ಡ್ ಮೇಲಿನ ತಗಡಿನ ಶೀಲ್ಡ್‌ಗಳನ್ನ ಬಿಸಿ ಗಾಳಿ ಬಿಟ್ಟು ಎತ್ತಿದ, ಅದ್ರ ಕೆಳಗೂ ಕಿಲುಬಿತ್ತು, ಹಳೇ ಟೂತ್‌ಬ್ರಷ್ ತುಂಡು ಮಾಡಿಟ್ಕೊಂಡಿದ್ದ, ಅದನ್ನ ಐಪಿಎಯಲ್ಲಿ ಅದ್ದಿ ತಿಕ್ಕಿದ. ಆಮೇಲೆ ಅಲ್ಟ್ರಾಸೋನಿಕ್ ಕ್ಲೀನರ್‌ಗೆ ಹಾಕಿದ, ಕನ್ನಡಕದ ಅಂಗಡಿಯಲ್ಲಿ ಕನ್ನಡಕ ತೊಳೆಯೋ ಆ ಸ್ಟೀಲ್ ತೊಟ್ಟಿ ಇದೆಯಲ್ಲ ಅಂಥದ್ದೇ, ಕಿವಿಗೆ ಕೇಳದಷ್ಟು ಮೇಲಿನ ಕಂಪನದಿಂದ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದು ಚಿಪ್ ಅಡಿಯ ಕೊಳೆ ಬಿಡಿಸತ್ತೆ. ಒಣಗಿಸಿ, ಬ್ಯಾಟರಿ ಹಾಕೋ ಬದ್ಲು ಎಷ್ಟು ಕರೆಂಟ್ ಹೋಗ್ತಿದೆ ಅಂತ ತೋರ್ಸೋ ಡಿಸಿ ಪವರ್ ಸಪ್ಲೈ ಮೆಷಿನ್ ವೈರ್ ಕೊಟ್ಟ. "ಪವರ್ ಬಟನ್ ಒತ್ತೋಕೆ ಮುಂಚೆ ಆಂಪಿಯರ್ ಸೊನ್ನೆ ತೋರಿಸ್ಬೇಕು, ನೋಡಿಲ್ಲಿ" ಅಂದ. ಸೊನ್ನೆ ತೋರಿಸ್ಲಿಲ್ಲ. ಅಂದ್ರೆ ಎಲ್ಲೋ ಸೋರ್ತಾ ಇದೆ. ಎಲ್ಲಿ ಅಂತ ಹುಡುಕೋಕೆ ಅವನು ಮಾಡಿದ ಉಪಾಯ ಮಜವಾಗಿತ್ತು, ಬೆಸುಗೆ ಹಾಕೋ ರಾಳ, ಅದನ್ನ ಸೋಲ್ಡರಿಂಗ್ ಐರನ್ ತುದಿಯಲ್ಲಿ ಸುಟ್ಟು ಹೊಗೆ ಹಿಡಿದು ಬೋರ್ಡ್ ಮೇಲೆಲ್ಲ ತೆಳ್ಳಗೆ ಬಿಳಿ ಮುಸುಕು ಕೂರ್ಸಿದ, ಕರೆಂಟ್ ಕೊಟ್ಟ, ಎಲ್ಲಿ ಶಾರ್ಟ್ ಇದೆಯೋ ಅಲ್ಲಿ ಬಿಸಿಯಾಗಿ ರಾಳ ಕರಗಿ ಒಂದೇ ಒಂದು ಚುಕ್ಕೆ ಪಾರದರ್ಶಕ ಆಯ್ತು. ಸಾಸಿವೆ ಕಾಳಿಗಿಂತ ಚಿಕ್ಕ ಕೆಪಾಸಿಟರ್. ಅದನ್ನ ಎತ್ತಿ ಬಿಸಾಕಿದ ಮೇಲೆ ಮೀಟರ್ ಸೊನ್ನೆಗೆ ಬಂತು.

ರಿಪೇರಿಗೆ ಕೊಡೋವಾಗ ನೀರಿಗೆ ಬಿದ್ದಿದ್ದನ್ನ ಮುಚ್ಚಿಡ್ಬೇಡಿ, "ಸುಮ್ನೆ ಇದ್ದಂಗೇ ಆಫ್ ಆಯ್ತು" ಅಂತ ಹೇಳೋರೇ ಜಾಸ್ತಿ ಅಂತೆ. ಸುಳ್ಳು ಹೇಳಿ ಉಪಯೋಗನೂ ಇಲ್ಲ, ತುಂಬಾ ಫೋನುಗಳಲ್ಲಿ ಸಿಮ್ ಟ್ರೇ ಜಾಗದೊಳಗೆ ಚಿಕ್ಕ ಬಿಳಿ ಸ್ಟಿಕ್ಕರ್ ಇರತ್ತೆ, ನೀರು ತಾಗಿದ್ರೆ ಕೆಂಪಾಗತ್ತೆ, ಸರ್ವಿಸ್ ಸೆಂಟರಲ್ಲಿ ಮೊದಲು ನೋಡೋದೇ ಅದನ್ನ. ಎಂಥ ನೀರು ಅಂತನೂ ಹೇಳಿ. ಕಾಫಿ, ಎಳನೀರು, ಸಾಂಬಾರು, ಸಮುದ್ರ ಎಲ್ಲದಕ್ಕೂ ವ್ಯತ್ಯಾಸ ಇದೆ. ಮಲ್ಪೆಲೋ ಗೋಕರ್ಣದಲ್ಲೋ ಅಲೆಗೆ ಬಿದ್ದಿದ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು, ಸಮುದ್ರದ ಒಂದು ಲೀಟರ್ ನೀರಲ್ಲಿ ಹತ್ರ ಹತ್ರ 35 ಗ್ರಾಂ ಉಪ್ಪಿರತ್ತೆ, ಹಾಗೇ ಒಣಗೋಕೆ ಬಿಟ್ರೆ ಬೋರ್ಡ್ ಮೇಲೆ ಉಪ್ಪಿನ ಗದ್ದೆನೇ. ವಾಟರ್ ರೆಸಿಸ್ಟೆಂಟ್ ಫೋನ್ ಆಗಿದ್ರೆ ಆಫ್ ಮಾಡಿ ಸಿಹಿನೀರಲ್ಲಿ ಮೆಲ್ಲಗೆ ತೊಳ್ದು ಆಮೇಲೆ ಒಣಗಿಸಿ, ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇದ್ರೆ ಕೊನೇ ಸಲ ಅದ್ರಲ್ಲಿ ತೊಳೀರಿ. ಸಾದಾ ಫೋನಾದ್ರೆ ಆಫ್ ಮಾಡಿ ಅವತ್ತೇ ಬಿಚ್ಚೋರ ಹತ್ರ ಓಡೋದು.

ಈಗ ವಾಟರ್‌ಪ್ರೂಫ್ ವಿಷ್ಯ. ಐಪಿ67, ಐಪಿ68 ಅಂತ ಬರ್ದಿರೋದ್ರಲ್ಲಿ ಮೊದಲ ಅಂಕಿ ಧೂಳಿಂದು, ಎರಡನೇದು ನೀರಿಂದು. 7 ಅಂದ್ರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ, 8 ಅಂದ್ರೆ ಅದಕ್ಕಿಂತ ಜಾಸ್ತಿ, ಎಷ್ಟು ಅಂತ ಕಂಪನಿನೇ ಹೇಳತ್ತೆ, ಗ್ಯಾಲಕ್ಸಿ ಎಸ್ ಸರಣಿಯವ್ರು 1.5 ಮೀಟರ್ ಅಂತಾರೆ, ಐಫೋನ್ 12ರಿಂದ ಈಚೆಗಿನವು (ಎಸ್‌ಇ ಬಿಟ್ಟು) 6 ಮೀಟರ್. ಬಜೆಟ್ ಫೋನುಗಳ ಐಪಿ54 ಅಂದ್ರೆ ಹನಿ ಸಿಡಿದ್ರೆ ಪರವಾಗಿಲ್ಲ ಅಷ್ಟೇ, ಮುಳುಗಿಸೋಕಲ್ಲ. ಇದೆಲ್ಲ ಲ್ಯಾಬಲ್ಲಿ, ಹೊಸ ಫೋನಿಗೆ, ಅಲುಗಾಡದ ಸಿಹಿನೀರಲ್ಲಿ ಮಾಡಿದ ಪರೀಕ್ಷೆ. ನಿಮ್ಮ ಫೋನ್ ಎರಡು ವರ್ಷದಲ್ಲಿ ಹತ್ತು ಸಲ ಬಿದ್ದಿರತ್ತೆ, ಡಿಸ್‌ಪ್ಲೇ ಬದಲಾಯ್ಸಿರ್ತೀರ, ಅಂಚಿನ ಅಂಟು ಮೊದಲಿನಂಗೆ ಇರಲ್ಲ. ಸೋಪು ನೀರು, ಬಚ್ಚಲಿನ ಹಬೆ ಪರೀಕ್ಷೆಯಲ್ಲಿ ಇರಲ್ಲ. ಬಿಸಿಲಲ್ಲಿ ರೀಲ್ಸ್ ಮಾಡಿ ಕಾದು ಕೂತಿರೋ ಫೋನು ತಣ್ಣನೆ ಹೊಳೆಗೆ ಬಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಕ್ಕೆ ಎಳ್ಕೊಳತ್ತೆ. ಮತ್ತೆ ಇಷ್ಟೆಲ್ಲ ಜಾಹೀರಾತು ಕೊಟ್ರೂ ಸಾಮಾನ್ಯವಾಗಿ ನೀರಿನ ಡ್ಯಾಮೇಜ್ ವಾರಂಟಿಗೆ ಬರಲ್ಲ, ಬೇರೆಯಾಗಿ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ತಗೊಂಡಿದ್ರೆ ಮಾತ್ರ.

ಇಂಥ ಒಳ್ಳೇ ಫೋನುಗಳಲ್ಲಿ ಪೋರ್ಟ್ ಒದ್ದೆ ಇದ್ದಾಗ ಚಾರ್ಜರ್ ಚುಚ್ಚಿದ್ರೆ ನೀರಿನ ಹನಿ ಚಿತ್ರ ತೋರ್ಸಿ ಚಾರ್ಜ್ ನಿಲ್ಸತ್ತೆ, ಅದು ಫೋನ್ ಕೆಟ್ಟಿರೋದಲ್ಲ, ಪಿನ್ನುಗಳನ್ನ ಕಿಲುಬಿನಿಂದ ಉಳಿಸೋ ಜಾಣತನ. ಅರ್ಧ ಗಂಟೆ ಫ್ಯಾನ್ ಮುಂದೆ ಇಟ್ಟು ಮತ್ತೆ ನೋಡಿ, ಪೂರ್ತಿ ಒಣಗೋಕೆ ಒಂದು ದಿನನೂ ಆಗ್ಬೋದು. ಸ್ಪೀಕರಿಂದ ನೀರು ತೆಗಿಯೋ ಆ್ಯಪ್‌ಗಳ ಗುಂಯ್ ಶಬ್ದ ಸುಳ್ಳಲ್ಲ, ಜಾಲರಿಯಲ್ಲಿ ಸಿಕ್ಕಿರೋ ನೀರು ಚಿಮ್ಮತ್ತೆ, ಆದ್ರೆ ಬೋರ್ಡ್ ಮೇಲಿನ ನೀರಿಗೂ ಅದಕ್ಕೂ ಸಂಬಂಧ ಇಲ್ಲ, ಅದನ್ನ ಹಾಕೋಕೆ ಫೋನ್ ಆನ್ ಮಾಡ್ಬೇಕು ಅನ್ನೋದೇ ದೊಡ್ಡ ತೊಂದ್ರೆ. ಬ್ಯಾಟರಿ ಉಬ್ಬಿ ಬೆನ್ನು ಎದ್ದಿದ್ರೆ, ಚಾರ್ಜಿಗೆ ಹಾಕದೇನೂ ಬಿಸಿ ಆಗ್ತಿದ್ರೆ ಒಣಗಿಸೋ ಮಾತೇ ಬೇಡ, ಮನೆಯಿಂದ ಹೊರಗೆ ಸಿಮೆಂಟ್ ನೆಲದ ಮೇಲಿಟ್ಟು ದೂರ ಇರಿ, ಒತ್ತೋಕೆ ಚುಚ್ಚೋಕೆ ಹೋಗ್ಬೇಡಿ.

ಕೊನೇದಾಗಿ ಫೋಟೋಗಳದ್ದು. ತುಂಬಾ ಜನ ಅಂದ್ಕೊಂಡಿರ್ತಾರೆ, ಫೋನ್ ಹೋದ್ರೂ ಒಳಗಿನ ಚಿಪ್ ತೆಗ್ದು ಕಂಪ್ಯೂಟರಿಗೆ ಹಾಕಿ ಫೋಟೋ ತೆಗೀಬೋದು ಅಂತ. ಮೆಮೊರಿ ಕಾರ್ಡಲ್ಲಿ ಇದ್ರೆ ಹೌದು, ಕಾರ್ಡ್ ಒರೆಸಿ ಬೇರೆ ಫೋನಿಗೆ ಹಾಕಿದ್ರೆ ಬರತ್ತೆ. ಫೋನ್ ಮೆಮೊರಿಯಲ್ಲಿ ಇದ್ರೆ ಇಲ್ಲ. ಈಗಿನ ಐಫೋನು, ಆಂಡ್ರಾಯ್ಡ್ ಎರಡ್ರಲ್ಲೂ ಡೇಟಾಗೆ ಬೀಗ ಹಾಕಿಟ್ಟಿರತ್ತೆ, ಅದರ ಕೀ ಅದೇ ಬೋರ್ಡಿನ ಪ್ರೊಸೆಸರ್ ಜೊತೆ ಕಟ್ಟಿರತ್ತೆ, ಹಾಗಾಗಿ ಅದೇ ಬೋರ್ಡು ಜೀವಂತ ಆಗ್ಬೇಕು, ನಿಮ್ಮ ಲಾಕ್ ತೆಗಿಯೋ ಪಿನ್ ನಂಬರೂ ಹೊಡೀಬೇಕು, ಆಗ್ಲೇ ಫೋಟೋ. ಅದಕ್ಕೇ ನೀರಿಗೆ ಬಿದ್ದ ಫೋನ್ ಕೊಡೋವಾಗ ನಿಮಗೆ ಫೋನ್ ಬೇಕಾ ಡೇಟಾ ಬೇಕಾ ಅಂತ ಮೊದಲೇ ಹೇಳ್ಬೇಕು, ಎರಡಕ್ಕೂ ಕೆಲ್ಸ ಮಾಡೋ ರೀತಿನೇ ಬೇರೆ.

ನಮ್ಗೆ ಬೇಕಾಗಿದ್ದು ಡೇಟಾ. ನನ್ನ ಫ್ರೆಂಡ್ ಇನ್ಯಾವ್ದೋ ಫೋನಿನ ಡಿಸ್‌ಪ್ಲೇ ಸಿಕ್ಕಿಸಿ, ಕೆಳಗಿನ ಚಾರ್ಜಿಂಗ್ ಬೋರ್ಡ್ ಹೊಸದು ಹಾಕಿ, ಡಿಸಿ ಸಪ್ಲೈಯಲ್ಲೇ ಆನ್ ಮಾಡ್ದ. ಎರಡು ಸಲ ಲೋಗೋ ಬಂದು ಹೋಯ್ತು, ಮೂರನೇ ಸಲ ಒಳಗೆ ಹೋಯ್ತು. ಅಮ್ಮನಿಗೆ ಕಾಲ್ ಮಾಡಿ ಪಿನ್ ಕೇಳ್ದೆ, "ಅದೆಂತ ಪಿನ್ನು, ನಂಗೆ ನೆನಪಿಲ್ಲ, ನಾನು ಬೆರಳಿಟ್ಟೇ ತೆಗಿಯದು" ಅಂದ್ಲು. ಬೆರಳಿಡೋ ಸೆನ್ಸರ್ ಯಾವತ್ತೋ ಸತ್ತಿತ್ತು, ಅದಿದ್ರೂ ಆಫ್ ಆಗಿ ಆನ್ ಆದ ಫೋನು ಮೊದಲ ಸಲ ಪಿನ್ನೇ ಕೇಳೋದು. ಆಮೇಲೆ ಅಪ್ಪ ಹಿಂದಿನಿಂದ "ನಮ್ಮ ಮನೆ ಲ್ಯಾಂಡ್‌ಲೈನ್ ನಂಬರಿನ ಕೊನೆ ನಾಲ್ಕು ನೋಡು" ಅಂದ್ರು, ತೆಗೀತು. ಮುಕ್ಕಾಲು ಗಂಟೆ ಫೋಟೋಗಳು ಕಾಪಿ ಆದ್ವು, ಹೆಚ್ಚಿನವು ಗುಡ್ ಮಾರ್ನಿಂಗ್ ಹೂವುಗಳು.